ಹನ್ನೊಂದು ಬೆಳಗಿನ ಚಳಿ

ಹದಿನೈದು ಚಳಿಗಾಲ ನಾನು ಬೆಳಗಿನ ಐದಕ್ಕೂ ಸಂಜೆಯ ಏಳಕ್ಕೂ ಆಕಾಶ ನೋಡಿ ಬರೆದಿಟ್ಟ ರಿಜಿಸ್ಟರುಗಳಿಂದ ನನ್ನ ಮೇಲಧಿಕಾರಿಯೊಬ್ಬರು ತಮ್ಮ ಹೆಸರಿನಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ನನ್ನ ಹೆಸರಿಲ್ಲ. ಇದು ಮೊದಲನೆಯ ಅನ್ಯಾಯ. ನಾನೇ ಮಾಡಿ, ನಾನೇ ಕಂಡುಹಿಡಿದು, ನಾನೇ ತಿದ್ದಿ ಸಹಿ ಹಾಕಿದ್ದ ಒಂದು ತಪ್ಪಿನಲ್ಲಿ, ತಿದ್ದುಪಡಿಯನ್ನು ಬಿಟ್ಟು ತಪ್ಪನ್ನಷ್ಟೇ ಎತ್ತಿಕೊಂಡು ರೈತರಿಗೆ ಹಂಚಿದ್ದಾರೆ. ಇದು ಎರಡನೆಯದು, ಮತ್ತು ಮೊದಲನೆಯದಕ್ಕಿಂತ ದೊಡ್ಡದು. ನನ್ನ ಹೆಸರಿಲ್ಲದಿದ್ದರೆ ಯಾವ ಸಸಿಯೂ ಸಾಯುವುದಿಲ್ಲ. ಆ ತಪ್ಪಿನಿಂದ ಸಾಯುತ್ತವೆ, ಸತ್ತಿವೆ, ಸತ್ತದ್ದನ್ನು ನಾನು ಐಮಂಗಲದ ಒಂದು ಹೊಲದಲ್ಲಿ ಕೈಯಾರೆ ಕಿತ್ತು ನೋಡಿದ್ದೇನೆ.

ಆ ಅಧಿಕಾರಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸಾಹೇಬರು ಎನ್ನುತ್ತೇನೆ. ಓದಿದರೆ ಅವರಿಗೇ ತಿಳಿಯುತ್ತದೆ.

ಸಸ್ಯಕ್ಷೇತ್ರದ ಕೆಲಸಕ್ಕೆ ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕೊಡುವ ಪಾಠದಲ್ಲಿ ಮಣ್ಣು, ಗೊಬ್ಬರ, ಔಷಧಿ ಎಲ್ಲ ಇರುತ್ತವೆ. ಆಕಾಶ ಇರುವುದಿಲ್ಲ. ಹಾಗಾಗಿ ಮೊದಲು ಆಕಾಶದ ಮಾತು.

೧೯೯೦ರಲ್ಲಿ ಹಿರಿಯೂರಿನ ಬಳಿಯ ಸಸ್ಯಕ್ಷೇತ್ರಕ್ಕೆ ನಾನು ಮಾಲಿಯಾಗಿ ಸೇರಿದೆ. ಅಲ್ಲಿ ಓಬಳಪ್ಪ ಎಂಬ ಮೇಸ್ತ್ರಿ ಇದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಮಾತು ಕಡಿಮೆ. ಮೊದಲ ಕಾರ್ತಿಕದಲ್ಲಿ ಒಂದು ಸಂಜೆ ನಾನು ಪಪ್ಪಾಯ ಸಸಿಮಡಿಗೆ ನೀರು ಹನಿಸಿ, ತೆಂಗಿನ ಗರಿಯ ಹಾಸುಗಳನ್ನು ಹೊದಿಸದೆ ಮನೆಗೆ ಹೊರಟಿದ್ದೆ. ಅವರು ನನ್ನನ್ನು ತಡೆದು, ತಲೆ ಎತ್ತಿ ನೋಡೆಂದರು. ನೋಡಿದೆ. ಒಂದು ತುಣುಕು ಮೋಡವೂ ಇರಲಿಲ್ಲ. ಎಷ್ಟು ಚೆಂದದ ಸಂಜೆ ಎಂದುಕೊಂಡೆ.

“ಮೋಡ ಅಂದ್ರೆ ಗಡಿಗೆ ಮೇಲಿನ ಮುಚ್ಚಳ ಇದ್ದಂಗೆ ಕಣಪ್ಪ,” ಎಂದರು ಓಬಳಪ್ಪ. “ಮುಚ್ಚಳ ತೆಗೆದಿಟ್ರೆ ಅನ್ನ ಆರೋದಿಲ್ವಾ? ಹಂಗೇ ಭೂಮಿನೂ ಆರುತ್ತೆ. ಇವತ್ತು ಮುಚ್ಚಳ ಇಲ್ಲ. ಹಾಸು ಹೊದಿಸು. ನಾಳೆಯಿಂದ ಸಂಜೆ ನೀರು ಬಿಡಬ್ಯಾಡ.”

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಷ್ಟು ವರ್ಷದ ಶಾಲೆಯಲ್ಲಿ ಯಾರೂ ನನಗೆ ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ವಿಷಯ ಹೇಳಿರಲಿಲ್ಲ. ಮರುದಿನ ಬೆಳಗ್ಗೆ ಐದಕ್ಕೆ ಎದ್ದು ಬಂದು ಹಾಸಿನ ಮೇಲೆ ಅಂಗೈ ಇಟ್ಟೆ. ನೀರು ಸುರಿದಂತೆ ಒದ್ದೆ. ಹಾಸಿನ ಕೆಳಗೆ ಕೈ ಹಾಕಿದೆ. ಎಮ್ಮೆಯ ಉಸಿರಿನಂತೆ ಬೆಚ್ಚಗಿತ್ತು. ಅಂದೇ ನನ್ನ ಕೈಯಾರೆ ಒಂದು ಗೆರೆಯ ರಿಜಿಸ್ಟರಿನಲ್ಲಿ ಮೊದಲ ಸಾಲು ಬರೆದೆ: ಆಕಾಶ ಶುದ್ಧ, ಇಬ್ಬನಿ ಮೂರು, ಗಾಳಿ ಇಲ್ಲ.

ಇಬ್ಬನಿ ಮೂರು ಎಂದರೇನೆಂದು ಹೇಳಬೇಕು. ಗರಿಕೆಯ ತುದಿಯಲ್ಲಷ್ಟೇ ಮುತ್ತು ನಿಂತಿದ್ದರೆ ಒಂದು. ಜೇಡರಬಲೆ ದಾರದಂತೆ ಬೆಳ್ಳಗೆ ಕಂಡರೆ ಎರಡು. ತಂತಿಬೇಲಿಯಿಂದ ತೊಟ್ಟಿಕ್ಕುತ್ತಿದ್ದರೆ ಮೂರು. ಈ ಅಳತೆಯನ್ನು ನನಗೆ ಯಾರೂ ಕಲಿಸಲಿಲ್ಲ. ಸಾಹೇಬರ ಹೊತ್ತಿಗೆಯ ಒಂಬತ್ತನೆಯ ಪುಟದಲ್ಲಿ ಇದೇ ಅಳತೆ, ಇದೇ ಬೇಲಿ, ಇದೇ ಜೇಡರಬಲೆ ಇವೆ. ‘ಸ್ಥಳೀಯ ಮೂಲಗಳಿಂದ’ ಎಂದು ಕೆಳಗೆ ಚಿಕ್ಕ ಅಕ್ಷರದಲ್ಲಿದೆ. ನೀರಿನ ಮೂಲವೆಂದು ಹೊಂಡಕ್ಕೂ ಊಟೆಗೂ ಹೇಳುವ ಮಾತನ್ನು ಅವರು ನನಗೆ ಹೇಳಿದ್ದಾರೆ.

ಆ ವರ್ಷಗಳ ಬೆಳಗುಗಳನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ಏಳಕ್ಕೆ ಮೂಡಣದ ಕಡೆ ಮೃಗಶಿರದ ಮೂರು ಚುಕ್ಕಿಗಳು ಏಳುತ್ತವೆ. ಏಳುವಾಗ ನೆಟ್ಟ ಗಣೆಯ ಹಾಗೆ ಒಂದರ ಮೇಲೊಂದು ನಿಂತಿರುತ್ತವೆ. ಮರುದಿನ ಬೆಳಗಿನ ಐದಕ್ಕೆ ಬಂದರೆ ಅವೇ ಮೂರು ಚುಕ್ಕಿಗಳು ಪಡುವಣದಲ್ಲಿ ಇಳಿಯುತ್ತಿರುತ್ತವೆ, ಆದರೆ ಈಗ ಗಣೆಯನ್ನು ಯಾರೋ ಮಲಗಿಸಿದಂತೆ ಅಡ್ಡಲಾಗಿ. ಇದನ್ನು ನಾನು ಮೊದಲ ಸಲ ಗಮನಿಸಿದ ದಿನ ಓಬಳಪ್ಪನವರ ಗುಡಿಸಲಿಗೆ ಓಡಿಹೋಗಿ ಎಬ್ಬಿಸಿಕೊಂಡು ಬಂದಿದ್ದೆ. ಅವರು ಕಂಬಳಿ ಹೊದ್ದು ಬಂದು ನೋಡಿ, “ನಾನು ಹುಟ್ಟಿದಾಗ್ಲಿಂದ ಹಂಗೇ ಮಲಗ್ತವೆ, ಇವತ್ತು ನಿನಗೆ ಹೇಳಿ ಮಲಗಿದ್ವಾ?” ಎಂದು ಬೈದು ಹೋದರು. ಹೋಗುವಾಗ ಎರಡು ಸಲ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೇನೆ.

ಚುಕ್ಕಿಗಳು ಅರಳು ಸಿಡಿಯುವಂತೆ ಮಿನುಗುತ್ತಿದ್ದರೆ ಮೇಲೆ ಗಾಳಿ ಇದೆಯೆಂದು ಅರ್ಥ, ಅಂದು ಇಬ್ಬನಿ ಕಡಿಮೆ. ಹಣತೆಯಂತೆ ಅಲುಗಾಡದೆ ಉರಿಯುತ್ತಿದ್ದರೆ ಚಳಿ ನೆಲಕ್ಕಿಳಿಯುತ್ತದೆ. ಇದು ಪ್ರತಿ ಸಲವೂ ನಿಜವೆಂದು ನಾನು ಹೇಳಲಾರೆ. ೧೯೯೨ರ ನವೆಂಬರ್ ಕೊನೆಯಲ್ಲಿ ಇಂಥದೇ ಒಂದು ಸಂಜೆಯನ್ನು ನಂಬಿ ಇಡೀ ಕ್ಷೇತ್ರದ ಮಡಿಗಳಿಗೆ ಎರಡೆರಡು ಪದರ ಹಾಸು ಹೊದಿಸಿದೆ. ಮರುದಿನ ನನಗೆ ಹಿರಿಯೂರಿನಲ್ಲಿ ಮದುವೆಯ ಊಟವಿತ್ತು, ಹಾಸು ತೆಗೆಯಲು ಹೇಳುವುದನ್ನು ಮರೆತು ಹೋದೆ. ಸಮುದ್ರದ ಕಡೆ ಎಲ್ಲಿಯೋ ಎದ್ದ ತೂಫಾನಿನ ಜಡಿ ಮಧ್ಯಾಹ್ನಕ್ಕೆ ನಮ್ಮ ಮೇಲೆ ಬಿತ್ತು. ನಾನು ಮರಳುವವರೆಗೆ ಒದ್ದೆ ಹಾಸಿನ ಕೆಳಗೆ ಮೂರು ದಿನ ಬಿದ್ದ ಮೆಣಸಿನ ಸಸಿಗಳು ಬೇಯಿಸಿದ ಸೊಪ್ಪಾದವು. ಆ ತಪ್ಪಿಗೆ ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂತು. ಅದು ನ್ಯಾಯವಾಗಿಯೇ ಬಂತು. ಅದರ ಬಗ್ಗೆ ನನಗೆ ದೂರಿಲ್ಲ.

ದೂರಿರುವುದು ಅದೇ ವಾರ ಬಂದ ಇನ್ನೊಂದರ ಬಗ್ಗೆ. ರಿಜಿಸ್ಟರಿನಲ್ಲಿ ‘ಜಡಿ’ ಎಂದು ಬರೆದು, ಅದು ತುಂತುರಿನ ಜಡಿಯಲ್ಲ, ಮಳೆಯೇ ಎಂದು ಆಮೇಲೆ ತೋರಿದ್ದರಿಂದ ಒಂದು ಗೀಟು ಹಾಕಿ ತಿದ್ದಿದ್ದೆ. ಕಚೇರಿಯ ಗುಮಾಸ್ತರು ಅದನ್ನು ಎಲ್ಲರೆದುರು ಎತ್ತಿ ಹಿಡಿದು, ಸರ್ಕಾರದ ಪುಸ್ತಕದಲ್ಲಿ ಹೊಡೆದುಹಾಕುವುದಕ್ಕೆ ಇದೇನು ನಿಮ್ಮ ಮನೆ ಗೋಡೆಯೇ ಎಂದು ಕೇಳಿದರು. ಹೊಡೆದುಹಾಕಬಾರದು, ಮೇಲೆ ಬರೆಯಬಾರದು. ತಪ್ಪಾದರೆ ಆ ಸಾಲಿನ ಪಕ್ಕ ಒಂದು ಸಣ್ಣ ಚುಕ್ಕೆಯಿಟ್ಟು, ಪುಸ್ತಕದ ಕೊನೆಯ ಪುಟದಲ್ಲಿ ತಿದ್ದುಪಡಿ ಬರೆದು ಸಹಿ ಮಾಡಬೇಕು. ಇದು ನಿಯಮ ಎಂದರು. ಕೇಳಿದ ಧಾಟಿ ಕೆಟ್ಟದ್ದು, ನಿಯಮ ಒಳ್ಳೆಯದು. ಅಂದಿನಿಂದ ನಿವೃತ್ತಿಯವರೆಗೆ ನಾನು ಅದನ್ನು ಒಂದು ದಿನವೂ ಮುರಿಯಲಿಲ್ಲ. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಅದರ ಮೇಲೆ ನಿಂತಿದೆ.

ಸಾಹೇಬರು ೧೯೯೩ರಲ್ಲಿ ಬಂದರು. ಆಗ ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ನನ್ನ ಹೆಸರು ತಿಪ್ಪೇಸ್ವಾಮಿ ಎಂದು ಗೊತ್ತಿದ್ದರೂ ಮೊದಲ ಐದು ತಿಂಗಳು “ಏಯ್ ಮಾಲಿ” ಎಂದೇ ಕರೆದರು. ಅದೇ ವರ್ಷ ಕ್ಷೇತ್ರಕ್ಕೆ ಒಂದು ಉಷ್ಣಮಾಪಕ ಬಂತು; ನಮ್ಮ ಬಾಯಲ್ಲಿ ಅದು ‘ಗಾಜು’. ರಾತ್ರಿ ಅತಿ ಹೆಚ್ಚೆಂದರೆ ಎಷ್ಟು ಚಳಿಯಾಯಿತೆಂದು ಒಂದು ಸಣ್ಣ ಕಡ್ಡಿ ನಿಂತು ತೋರಿಸುವಂಥದು. ನನಗೆ ಹಬ್ಬವಾಯಿತು. ಮೂರು ವರ್ಷ ಅಂಗೈಯಿಂದ ಅಳೆದದ್ದಕ್ಕೆ ಈಗ ಅಂಕಿ ಸಿಗುತ್ತದೆ! ಸಸಿಮಡಿಗಳ ನಟ್ಟನಡುವೆ ಜಾಲಿಯ ಗೂಟ ನೆಟ್ಟು, ಮೇಲೊಂದು ಹಲಗೆಯ ಸೂರು ಹೊಡೆದು, ಸಸಿಗಳ ಎತ್ತರಕ್ಕೇ ಅದನ್ನು ತೂಗುಹಾಕಿದೆ. ಗಿಡಕ್ಕೆ ಆಗುವ ಚಳಿಯೇ ಗಾಜಿಗೂ ಆಗಬೇಕು ಎಂಬುದು ನನ್ನ ಲೆಕ್ಕ.

೧೯೯೪ರ ಡಿಸೆಂಬರಿನಲ್ಲಿ ದೊಡ್ಡ ಅಧಿಕಾರಿಗಳ ಭೇಟಿ ಎಂದು ಸುದ್ದಿ ಬಂತು. ಭೇಟಿ ಎಂದರೆ ನಮಗೆ ಸುಣ್ಣ, ಕೆಮ್ಮಣ್ಣು. ದಾರಿಯಂಚಿನ ಕಲ್ಲುಗಳಿಗೆ ಬಿಳಿ, ಕುಂಡಗಳಿಗೆ ಕೆಂಪು. ಸಾಹೇಬರು ಎಲ್ಲವನ್ನೂ ನೋಡುತ್ತ ಬಂದು ನನ್ನ ಗೂಟದೆದುರು ನಿಂತರು.

“ಇದೇನ್ರಿ ಇದು, ದೃಷ್ಟಿಬೊಂಬೆ ಕಟ್ಟಿದಂಗಿದೆ,” ಎಂದರು. “ನೀಟಾಗಿ ಪಂಪ್‌ಹೌಸ್ ಗೋಡೆಗೆ ಹಾಕ್ಸಿ. ಕೆಳಗೆ ಬೋರ್ಡ್ ಬರೆಸಿ.”

ಗಿಡದ ಬಳಿ ಇದ್ದರೆ ಒಳ್ಳೆಯದೆಂದು ಹೇಳಿದೆ. ಒಂದು ಗೋಡೆಗೂ ಗೂಟಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ, ಎರಡೂ ಬಯಲಲ್ಲೇ ಅಲ್ಲವೇ ಎಂದರು. ಇದಕ್ಕೆ ನಾನು ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಎರಡು ಮೊಳೆ ಹೊಡೆದು ಪಡುವಣ ಗೋಡೆಗೆ ಹಾಕಿದೆ. ಕೆಳಗೆ ‘ತಾಪಮಾನ’ ಎಂದು ನೀಲಿ ಬಣ್ಣದಲ್ಲಿ ಬರೆಸಲಾಯಿತು. ದೊಡ್ಡ ಅಧಿಕಾರಿಗಳು ಬಂದರು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಹೋದರು. ಗಾಜು ಗೋಡೆಯಲ್ಲೇ ಉಳಿಯಿತು.

ಮುಂದಿನ ಹನ್ನೊಂದು ಬೆಳಗುಗಳನ್ನು ನಾನು ಒಂದೊಂದಾಗಿ ಹೇಳಬಲ್ಲೆ. ಆ ಮಾಗಿಯಲ್ಲಿ ಬೆಳ್ಳಿ ಬೆಳಗಿನ ಹೊತ್ತು ಮೂಡುತ್ತಿತ್ತು. ಅಷ್ಟು ದೊಡ್ಡ ಬೆಳ್ಳಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನೀರಿನ ತೊಟ್ಟಿಯಲ್ಲಿ ಅದರ ಬೆಳಕಿನ ಗೆರೆ ಬೀಳುತ್ತಿತ್ತು, ನನ್ನ ಬಿಳಿ ಪಂಚೆಗೆ ಅದರ ಬೆಳಕು ತಾಗುತ್ತಿದೆಯೋ ಎಂಬ ಭ್ರಮೆಯಾಗುತ್ತಿತ್ತು. ಉತ್ತರದಲ್ಲಿ ಸಪ್ತರ್ಷಿಗಳು ಎತ್ತರಕ್ಕೆ ಬಂದಿರುತ್ತಿದ್ದವು. ಗಾಳಿ ಇಲ್ಲ, ಮೋಡ ಇಲ್ಲ, ಬೇಲಿಯಿಂದ ಟಪ್ ಟಪ್ ಸದ್ದು. ನಾನು ಆ ಚೆಲುವಿನಲ್ಲಿ ಮೈಮರೆತು, ಬ್ಯಾಟರಿ ಬೆಳಕು ಬಿಟ್ಟು ಗಾಜು ನೋಡಿ ಬರೆಯುತ್ತಿದ್ದೆ: ಆಕಾಶ ಶುದ್ಧ, ಬೆಳ್ಳಿ ಚೊಕ್ಕ, ಇಬ್ಬನಿ ಮೂರು, ಹದಿನಾರು ಡಿಗ್ರಿ.

ಹದಿನಾರು! ಗೂಟದಲ್ಲಿದ್ದಾಗ ಇಂಥ ಬೆಳಗುಗಳಲ್ಲಿ ಹನ್ನೊಂದೋ ಹನ್ನೆರಡೋ ಇರುತ್ತಿತ್ತು. ಬೇಲಿ ತೊಟ್ಟಿಕ್ಕುತ್ತಿದೆ ಎಂದು ಬರೆದ ಕೈಯೇ ಅದೇ ಸಾಲಿನಲ್ಲಿ ಹದಿನಾರು ಎಂದು ಬರೆಯಿತು. ಹನ್ನೊಂದು ದಿನ ಬರೆಯಿತು. ಚಳಿ ಈ ಸಲ ಬೇಗ ಕಡಿಮೆಯಾಯಿತೆಂದು ನಾನು ಸಾಹೇಬರಿಗೆ ವರದಿಯನ್ನೂ ಒಪ್ಪಿಸಿದೆ. ನನ್ನ ಬೆರಳುಗಳು ಮರಗಟ್ಟಿದ್ದವು, ಪೆನ್ನು ಹಿಡಿಯಲು ಉಜ್ಜಿಕೊಳ್ಳುತ್ತಿದ್ದೆ, ಆದರೂ ಗಾಜು ಹೇಳಿದ್ದನ್ನು ನಂಬಿದೆ. ಇದಕ್ಕೆ ನಾನು ಸಾಹೇಬರನ್ನು ದೂರುವುದಿಲ್ಲ. ಗಾಜನ್ನು ಗೋಡೆಗೆ ಹಾಕಿಸಿದ್ದು ಅವರು; ಗೋಡೆಯ ಗಾಜನ್ನು ನಂಬಿದ್ದು ನಾನು.

ಹನ್ನೆರಡನೆಯ ಬೆಳಗು ಕರಿಯಣ್ಣ ಬಂದ. ಕರಿಯಣ್ಣ ಕುರಿಗಾರ, ಪ್ರತಿ ವರ್ಷ ಸುಗ್ಗಿಯ ಆಚೀಚೆ ಗೊಬ್ಬರಕ್ಕಾಗಿ ನಮ್ಮ ಕ್ಷೇತ್ರದ ಖಾಲಿ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಕಂಬಳಿ ಕೊಪ್ಪೆ ಹಾಕಿಕೊಂಡು ನನ್ನ ಪಕ್ಕ ಬಂದು ನಿಂತು, ಏನು ಬರೆಯುತ್ತೀರೆಂದು ಕೇಳಿದ. ಚಳಿ ಎಷ್ಟಿದೆಯೆಂದು ಗಾಜು ಹೇಳುತ್ತದೆ, ಹದಿನಾರು, ಹೋದ ತಿಂಗಳಿಗಿಂತ ಬೆಚ್ಚಗಿದೆ ಎಂದು ವಿವರಿಸಿದೆ. ಅವನು ನನ್ನನ್ನೂ ಗಾಜನ್ನೂ ಸ್ವಲ್ಪ ಹೊತ್ತು ನೋಡಿದ.

“ನನ್ನ ಎರಡು ಕುರಿಮರಿ ಬೆಳಗಾಗೋದ್ರೊಳಗೆ ಸೆಟ್ಕಂಡು ಸತ್ತವೆ,” ಎಂದ. “ನಿಮ್ಮ ಗಾಜು ಏನ್ ಸ್ವಾಮಿ, ಕಂಬಳಿ ಹೊದ್ಕಂಡು ಕುಂತೈತಾ?”

ನಕ್ಕೆ. ಅವನು ನಗಲಿಲ್ಲ. ಗೋಡೆಯ ಹತ್ತಿರ ಹೋಗಿ ಗಾಜಿನ ಪಕ್ಕಕ್ಕೆ ಅಂಗೈ ಇಟ್ಟ. “ಇಲ್ಲಿ ಕೈ ಇಕ್ಕಿ ನೋಡ್ರಿ,” ಎಂದ.

ಇಟ್ಟೆ. ಗೋಡೆ ಬೆಚ್ಚಗಿತ್ತು. ದಪ್ಪ ಕಲ್ಲಿನ ಗೋಡೆ. ಮಧ್ಯಾಹ್ನವೆಲ್ಲ ಪಡುವಣ ಬಿಸಿಲು ಕುಡಿದು ಬೆಳಗಿನವರೆಗೆ ಉಗುಳುತ್ತಿತ್ತು. ಸಾಲದ್ದಕ್ಕೆ ಆ ಪಕ್ಷ ನಮಗೆ ಕರೆಂಟು ಕೊಡುತ್ತಿದ್ದದ್ದು ನಸುಕಿನಲ್ಲಿ, ಒಳಗೆ ಮೋಟಾರು ಓಡುತ್ತಿತ್ತು. ನಾನು ಹನ್ನೊಂದು ದಿನ ಅಳೆದದ್ದು ಹಿರಿಯೂರಿನ ಚಳಿಯನ್ನಲ್ಲ, ಪಂಪ್‌ಹೌಸಿನ ಮೈಬಿಸಿಯನ್ನು!

ನನಗಾದ ಅವಮಾನ ಒಂದು ನಿಮಿಷದ್ದು. ಅದರ ಹಿಂದೆಯೇ ಬಂದ ಉತ್ಸಾಹ ಎಷ್ಟೆಂದರೆ, ಅಲ್ಲಿಯೇ ಮೊಳೆ ಕಿತ್ತು, ಗಾಜನ್ನು ಎದೆಗವಚಿಕೊಂಡು ಓಡಿಹೋಗಿ ಹಳೆಯ ಗೂಟಕ್ಕೆ ಹಾಕಿ, ಕರಿಯಣ್ಣನನ್ನೂ ನಿಲ್ಲಿಸಿಕೊಂಡು ಕಾದೆ. ಬೆಳ್ಳಿ ಇನ್ನೂ ಆರಿರಲಿಲ್ಲ. ನಾವಿಬ್ಬರೂ ಬಗ್ಗಿ ನೋಡುತ್ತಿದ್ದಂತೆಯೇ ಇಳಿಯಿತು: ಹದಿನೈದು, ಹದಿಮೂರು, ಹನ್ನೊಂದೂವರೆ. “ಈಗ ಕಂಬಳಿ ತೆಗೀತು ನೋಡ್ರಿ,” ಎಂದ ಕರಿಯಣ್ಣ. ಮಾಪಕವೊಂದು ತಮ್ಮ ಕಣ್ಣೆದುರೇ ನಿಜ ಹೇಳಲು ತೊಡಗುವುದನ್ನು ಯಾರಾದರೂ ಕಂಡಿದ್ದರೆ ಅವರಿಗೆ ನನ್ನ ಸಂತೋಷ ಅರ್ಥವಾದೀತು.

ಅದೇ ದಿನ ಹನ್ನೊಂದು ಸಾಲುಗಳ ಪಕ್ಕದಲ್ಲಿ ಹನ್ನೊಂದು ಚುಕ್ಕೆ ಇಟ್ಟೆ. ಕೊನೆಯ ಪುಟಕ್ಕೆ ಹೋಗಿ ಬರೆದೆ: ‘ಚುಕ್ಕೆಯಿಟ್ಟ ದಿನಗಳ ಅಂಕಿ ತಪ್ಪು. ಗಾಜು ಪಂಪ್‌ಹೌಸ್ ಗೋಡೆಯ ಮೇಲಿತ್ತು. ಯಾರೂ ಇದನ್ನು ನಂಬಿ ಹಾಸು ತೆಗೆಯಬಾರದು. ತಪ್ಪು ನನ್ನದು.’ ಕೆಳಗೆ ಪೂರ್ತಿ ಹೆಸರಿನ ಸಹಿ. ಗಾಜನ್ನು ಹೇಳದೆ ಕೇಳದೆ ಕಿತ್ತದ್ದಕ್ಕೆ ಸಾಹೇಬರು ಬೈದರು. ತಿದ್ದುಪಡಿಯ ಪುಟ ತೋರಿಸಿದೆ; ಓದದೆ ಮಡಿಸಿ ಕೊಟ್ಟು, “ಆಯ್ತು ಬಿಡ್ರಿ” ಎಂದರು. ಆಗ ಮಧ್ಯಾಹ್ನ ಮೂರು ಗಂಟೆ, ಅವರ ಮೇಜಿನ ಮೇಲೆ ಕಡಲೆಕಾಯಿಯ ಪೊಟ್ಟಣವಿತ್ತು.

ಇನ್ನೊಂದು ಪ್ರಸಂಗ ಹೇಳಿ ಮುಂದೆ ಹೋಗುತ್ತೇನೆ. ೧೯೯೬ರ ಜನವರಿಯಲ್ಲಿ ಕ್ಷೇತ್ರದ ಮಾವಿನ ಮರಗಳು ಎಲೆ ಕಾಣದಂತೆ ಹೂ ಬಿಟ್ಟಿದ್ದವು. ಒಂದು ಸಂಜೆ ಚಂದ್ರನಿಗೆ ದೊಡ್ಡದಾಗಿ ಗುಡಿ ಕಟ್ಟಿತು. ಸುತ್ತ ಬೆಳ್ಳನೆಯ ಬಳೆಯ ಹಾಗೆ. ಎರಡು ಮೂರು ದಿನದಲ್ಲಿ ಮೋಡ ಬರುತ್ತದೆ, ಮೋಡದ ಹಿಂದೆ ಹೂವಿಗೆ ಬೂದಿ ರೋಗ ಬರುತ್ತದೆ, ನಾಳೆಯೇ ಗಂಧಕದ ಔಷಧಿ ಹೊಡೆಸೋಣ ಎಂದು ಸಾಹೇಬರಿಗೆ ಬಿನ್ನವಿಸಿದೆ. ಕಚೇರಿಗೆ ಬಂದಿದ್ದ ಇಬ್ಬರು ಹೊರಗಿನವರ ಮುಂದೆ ಅವರು, “ಚಂದ್ರನ್ನ ನೋಡಿ ಔಷಧಿ ಹೊಡಿಯೋಕೆ ಇದೇನು ಜಾತಕದ ಅಂಗಡೀನೇನ್ರಿ?” ಎಂದರು. ಮೂವರೂ ನಕ್ಕರು. ಮೂರನೆಯ ದಿನ ಮೋಡ ಕವಿಯಿತು, ಐದು ದಿನ ಕದಲಲಿಲ್ಲ. ಹೂಗೊಂಚಲುಗಳು ಬೂದಿ ಬಳಿದಂತಾಗಿ ಉದುರಿದವು. ಹೊಳಲ್ಕೆರೆ ಕಡೆಯ ಒಬ್ಬ ತೋಟದವರು ನನ್ನ ಮಾತು ಕೇಳಿ ಮೊದಲೇ ಹೊಡೆಸಿದ್ದರು. ಅವರ ಮರಗಳು ಕಾಯಿ ಹಿಡಿದವು; ಬೇಸಿಗೆಯಲ್ಲಿ ಒಂದು ಬುಟ್ಟಿ ಹಣ್ಣು ಕಳಿಸಿದ್ದರು. ಅದನ್ನು ನಾನು ಕಚೇರಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಸಾಹೇಬರು ಎರಡು ಹಣ್ಣು ತಿಂದರು.

ಅವರಿಗೆ ಮರುವರ್ಷ ಬಡ್ತಿಯ ಮೇಲೆ ಚಿತ್ರದುರ್ಗಕ್ಕೆ ವರ್ಗವಾಯಿತು. ಕಾಲ ಬದಲಾಯಿತು. ಗರಿಯ ಹಾಸು ಹೋಗಿ ಹಸಿರು ನೆರಳುಬಲೆ ಬಂತು, ಮಣ್ಣಿನ ಮಡಿ ಹೋಗಿ ಕಪ್ಪು ಪ್ಲಾಸ್ಟಿಕ್ಕಿನ ಟ್ರೇ ಬಂತು. ಒಳ್ಳೆಯದೇ, ಬೆನ್ನು ಬಗ್ಗಿಸುವುದು ತಪ್ಪಿತು. ದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಗಿರಣಿಗಳು ಎದ್ದವು. ನಾನು ಬಸ್ಸಿನಲ್ಲಿ ಹೋಗುವಾಗೆಲ್ಲ ಅವುಗಳ ರೆಕ್ಕೆ ಯಾವ ಕಡೆ ಮುಖ ಮಾಡಿದೆಯೆಂದು ನೋಡಿ ಮೂಡಗಾಳಿಯೋ ಅಲ್ಲವೋ ಗುರುತು ಹಾಕಿಕೊಳ್ಳುತ್ತಿದ್ದೆ. ಇಷ್ಟು ದೊಡ್ಡ ಗಾಳಿಪಟವನ್ನು ನನ್ನಂಥವನಿಗಾಗಿ ಯಾರು ಕಟ್ಟಿಸಿಕೊಡುತ್ತಿದ್ದರು! ನೆರಳುಬಲೆ ಬಂದ ಮೇಲೆ ಇಬ್ಬನಿ ಬಲೆಯ ಮೇಲೆ ನಿಂತು, ಬಿಸಿಲೇರಿದ ಮೇಲೆ ಸಸಿಗಳ ಮೇಲೆ ತೊಟ್ಟಿಕ್ಕುತ್ತದೆಂದು ಕಂಡೆ. ಹಾಗಾಗಿ ಸೂರ್ಯ ಹುಟ್ಟುವ ಮುನ್ನ ಬಲೆಗೆ ಕೋಲಿನಿಂದ ಒಮ್ಮೆ ಬಡಿಯಬೇಕು. ಈ ಮಾತು ನಿಮ್ಮ ಪಾಠದಲ್ಲಿ ಇರಲಾರದು, ಬರೆದುಕೊಳ್ಳಿ.

೨೦೦೫ರಲ್ಲಿ ನಿವೃತ್ತನಾದೆ. ಹದಿನೈದೂ ರಿಜಿಸ್ಟರುಗಳು ಕಚೇರಿಯ ಸ್ವತ್ತು, ಒಪ್ಪಿಸಿ ಎಂದರು. ಒಪ್ಪಿಸಿದೆ, ಪಟ್ಟಿ ಮಾಡಿ ರಸೀತಿ ತೆಗೆದುಕೊಂಡೆ. ಹೊಸದುರ್ಗದಲ್ಲಿ ಮಗಳ ಮನೆಯ ಪಕ್ಕದಲ್ಲೇ ನಾನೂ ಹೆಂಡತಿಯೂ ನೆಲೆಸಿದೆವು. ಬೆಳಗಿನ ಐದಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ತಾರಸಿಯಿಂದ ತೆಂಗಿನ ತಲೆಗಳ ನಡುವೆ ಕಾಣುವಷ್ಟು ಆಕಾಶ ನೋಡಿಕೊಂಡಿದ್ದೆ.

೨೦೦೭ರ ಡಿಸೆಂಬರಿನ ಕೊನೆಗೆ ಐಮಂಗಲದಿಂದ ರೇಣುಕಮ್ಮ ಬಸ್ಸು ಹಿಡಿದು ಮನೆಗೆ ಬಂದಳು. ವರ್ಷಗಟ್ಟಲೆ ನಮ್ಮ ಕ್ಷೇತ್ರದಿಂದ ಸಸಿ ಒಯ್ಯುತ್ತಿದ್ದ ಹೆಣ್ಣುಮಗಳು; ಈಚೆಗೆ ತಾನೇ ಪಪ್ಪಾಯ ಸಸಿ ಬೆಳೆಸಿ ಸುತ್ತಲಿನವರಿಗೆ ಮಾರುತ್ತಿದ್ದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಆ ಕಿರುಹೊತ್ತಿಗೆ.

“ಅಣ್ಣಾ, ಈ ಪುಸ್ತಕ ನಂಬಿ ಕೆಟ್ಟೆ,” ಎಂದಳು. “ಹಾಸು ತೆಗೀರಿ ಅಂತ ಐತೆ, ತೆಗೆದೆ. ಸಂಜೆ ನೀರು ಬಿಡಬೌದು ಅಂತ ಐತೆ, ಬಿಟ್ಟೆ. ನೋಡು ಇಲ್ಲಿ, ಬುಡ ಎಲ್ಲ ಬೆಂದಂಗೆ ಆಗೈತೆ.”

ಚೀಲದಿಂದ ತೆಗೆದ ಸಸಿಗಳು ಬುಡದಲ್ಲಿ ನೂಲಿನಷ್ಟು ಸಣಕಲಾಗಿ ಮಡಚಿಕೊಂಡಿದ್ದವು. ಹೊತ್ತಿಗೆ ತೆರೆದೆ. ಒಂಬತ್ತನೆಯ ಪುಟದಲ್ಲಿ ನನ್ನ ಬೇಲಿ, ನನ್ನ ಜೇಡರಬಲೆ. ನನ್ನ ಬರಹ ಅಚ್ಚಾಗಿದೆ! ಸುಳ್ಳೇಕೆ, ಮೊದಲು ಆದದ್ದು ಸಂತೋಷವೇ. ಹದಿಮೂರನೆಯ ಪುಟಕ್ಕೆ ಬಂದಾಗ ಒಂದು ಪಟ್ಟಿ: ಮಾದರಿ ವರ್ಷ ೧೯೯೪. ಮೂರನೆಯ ಅಂಕಣದಲ್ಲಿ ಹದಿನಾರು, ಹದಿನಾರು, ಹದಿನಾರೂವರೆ, ಹದಿನಾರು. ಎಣಿಸಿದೆ. ಹನ್ನೊಂದು. ಚುಕ್ಕೆಗಳಿರಲಿಲ್ಲ. ಕೆಳಗೆ, ಡಿಸೆಂಬರ್ ಮೂರನೆಯ ವಾರದಿಂದ ಹಿರಿಯೂರು ಸುತ್ತಿನಲ್ಲಿ ಚಳಿ ಇಳಿಮುಖವಾಗುವುದರಿಂದ ಹೊದಿಕೆ ತೆಗೆದು ಸಂಜೆ ನೀರು ಕೊಡಬಹುದು ಎಂಬ ಸಲಹೆ.

“ನೀನು ಕೆಲಸದಾಗೆ ಇದ್ದಿದ್ರೆ ಹಿಂಗೆ ಬರೀತಿರಲಿಲ್ಲ ಬಿಡಣ್ಣ,” ಎಂದಳು ರೇಣುಕಮ್ಮ.

“ಇದನ್ನ ಬರೆದೋನು ನಾನೇ ಕಣಮ್ಮ.”

ಅವಳು ಹೊತ್ತಿಗೆಯನ್ನು ತಿರುವಿ ಮೇಲಿನ ರಟ್ಟು ನೋಡಿದಳು, ಹಿಂದಿನ ರಟ್ಟು ನೋಡಿದಳು. “ನಿನ್ನ ಹೆಸ್ರು ಎಲ್ಲೂ ಇಲ್ಲಲ್ಲ?”

“ಹೆಸ್ರಿಲ್ಲ. ತಪ್ಪು ಮಾತ್ರ ನಂದೇ.”

ಹನ್ನೊಂದು ಬೆಳಗಿನ ಕಥೆಯನ್ನು ಅವಳಿಗೆ ಹೇಳಿದೆ. ಪೂರ್ತಿ ಕೇಳಿ, “ತಿದ್ದಿದ ಮ್ಯಾಲೂ ತಪ್ಪು ಸಾಯ್ಲಿಲ್ಲ ಅಂದ್ರೆ ಯಾರಣ್ಣ ಅದಕ್ಕೆ ನೀರು ಹಾಕ್ದೋರು?” ಎಂದಳು. ಅವಳ ಜೊತೆಗೇ ಐಮಂಗಲಕ್ಕೆ ಹೋದೆ. ಹೆದ್ದಾರಿಯ ಪಕ್ಕದ ಆ ಹೊಲದಲ್ಲಿ ಎರಡು ದಿನ ಕೂತು ಕೊಳೆತದ್ದನ್ನು ಕಿತ್ತು, ಉಳಿದದ್ದಕ್ಕೆ ಹಾಸು ಹೊದಿಸಿದೆವು. ಅರ್ಧಕ್ಕಿಂತ ಕಡಿಮೆ ಉಳಿಯಿತು.

ಅಲ್ಲಿಂದ ನೇರ ಚಿತ್ರದುರ್ಗಕ್ಕೆ ಹೋದೆ. ಸಾಹೇಬರು ಈಗ ದೊಡ್ಡ ಕೋಣೆಯಲ್ಲಿದ್ದಾರೆ. ಎದ್ದು ನಿಂತು, ಬನ್ನಿ ತಿಪ್ಪೇಸ್ವಾಮಿಯವರೇ ಎಂದರು; ಆ ‘ಅವರೇ’ ಹದಿನಾಲ್ಕು ವರ್ಷ ತಡವಾಗಿ ಬಂತು. ಕ್ಷೇತ್ರದಿಂದ ತರಿಸಿಕೊಂಡ ನನ್ನ ರಿಜಿಸ್ಟರುಗಳು ಅವರ ಹಿಂದಿನ ಕಪಾಟಿನಲ್ಲೇ ಇದ್ದವು. ತೊಂಬತ್ತನಾಲ್ಕರ ಪುಸ್ತಕ ಕೊಡಿ ಎಂದೆ. ಚುಕ್ಕೆಗಳನ್ನು ಬೆರಳಿಟ್ಟು ತೋರಿಸಿದೆ, ಕೊನೆಯ ಪುಟ ತೆರೆದು ಅವರ ಮುಂದಿಟ್ಟೆ. ಈ ಸಲ ಓದಿದರು. ಎರಡು ಸಲ ಓದಿದರು. ಗಾಜನ್ನು ಗೋಡೆಗೆ ಹಾಕಲು ಹೇಳಿದ್ದು ಯಾರು ಎಂಬುದು ಅವರಿಗೆ ನೆನಪಾಯಿತೆಂದು ಅವರ ಕಿವಿ ಕೆಂಪಾದದ್ದರಿಂದ ತಿಳಿಯಿತು. ನಾನದನ್ನು ಎತ್ತಲಿಲ್ಲ.

ಪುಸ್ತಕ ಮುಚ್ಚಿ, “ಈಗ ಅಚ್ಚಾಗಿ ಹಂಚಿಕೆ ಆಗಿಬಿಟ್ಟಿದೆಯಲ್ಲ,” ಎಂದರು. “ನಿಮ್ಮ ಹೆಸರು ಹಾಕಿದ್ದಿದ್ರೆ ಈ ತಪ್ಪೂ ನಿಮ್ಮ ತಲೆಗೇ ಬರ್ತಿತ್ತು. ಹೆಸರಿಲ್ಲದ್ದು ನಿಮಗೆ ಒಳ್ಳೇದೇ ಆಯ್ತು ಅಂದ್ಕೊಳ್ಳಿ.”

ಜೀವನದಲ್ಲಿ ನನಗಾದ ಎಲ್ಲ ಅವಮಾನಗಳನ್ನೂ ನಾನು ನೆನಪಿಟ್ಟಿದ್ದೇನೆ. ದಯೆಯ ವೇಷ ತೊಟ್ಟು ಬಂದದ್ದು ಇದೊಂದೇ.

“ಬರ್ಲಿ ಸ್ವಾಮಿ, ನನ್ನ ತಲೆಗೇ ಬರ್ಲಿ,” ಎಂದೆ. “ತಪ್ಪು ಮಾಡಿದ್ದೂ ನಾನೇ, ತಿದ್ದಿದ್ದೂ ನಾನೇ. ನೀವು ತಪ್ಪನ್ನು ತಗಂಡು ತಿದ್ದಿದ್ದನ್ನು ಬಿಟ್ಟಿರಿ. ಅದನ್ನೂ ತಗಳ್ರಿ.”

ನೋಡೋಣ ಎಂದರು. ಚಹಾ ತರಿಸಿದರು. ಕುಡಿದು ಬಂದೆ. ಆಮೇಲೆ ನಾಲ್ಕು ಪತ್ರ ಬರೆದೆ, ನಾಲ್ಕೂ ರಿಜಿಸ್ಟರ್ಡ್ ಅಂಚೆಯಲ್ಲಿ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಮರುಮುದ್ರಣದ ಸಂದರ್ಭದಲ್ಲಿ ಪರಿಶೀಲಿಸಲಾಗುವುದು ಎಂದು ಬಂತು. ನಾಲ್ಕನೆಯದಕ್ಕೆ ಬಂದ ಉತ್ತರದಲ್ಲಿ ಮೂರನೆಯದರ ಉತ್ತರವನ್ನೇ ಮತ್ತೆ ಟೈಪು ಮಾಡಿದ್ದರು. ಈ ನಡುವೆ ಒಂದು ಮಾಗಿ ಕಳೆದುಹೋಯಿತು. ಹೊಸದುರ್ಗದ ಸಂತೆಯಲ್ಲಿ ಬೀಜದ ಅಂಗಡಿಯವರು ಅದೇ ಹೊತ್ತಿಗೆಯನ್ನು ಪಪ್ಪಾಯ ಬೀಜದ ಪೊಟ್ಟಣದ ಜೊತೆ ಬಿಟ್ಟಿ ಕೊಡುವುದನ್ನು ಕಣ್ಣಾರೆ ಕಂಡೆ. ಎಂಟು ಪ್ರತಿ ಕೇಳಿ ಪಡೆದು, ಹದಿಮೂರನೆಯ ಪುಟದಲ್ಲಿ ಹನ್ನೊಂದು ಚುಕ್ಕೆಗಳನ್ನಿಟ್ಟು, ಕೆಳಗೆ ತಿದ್ದುಪಡಿ ಬರೆದು ಅವರಿಗೇ ಹಿಂದಿರುಗಿಸಿದೆ. ಎಂಟರ ಆಚೆ ಎಷ್ಟಿವೆಯೋ ನನಗೆ ಗೊತ್ತಿಲ್ಲ, ಸಾಹೇಬರಿಗೆ ಗೊತ್ತು.

ಸಾಹೇಬರೇ, ಅಚ್ಚು ಹಾಕಿಸಿದ ಮಹನೀಯರೇ, ಇದನ್ನು ಬರೆಯುತ್ತಿರುವ ಈ ಹೊತ್ತು ಕಾರ್ತಿಕ ಮುಗಿಯುತ್ತ ಬಂದಿದೆ. ನಿನ್ನೆ ಸಂಜೆ ಏಳಕ್ಕೆ ಒಂದು ತುಣುಕು ಮೋಡವಿರಲಿಲ್ಲ. ಇಂದು ಬೆಳಗ್ಗೆ ಬೇಲಿ ತೊಟ್ಟಿಕ್ಕುತ್ತಿತ್ತು. ಐಮಂಗಲ, ಭರಮಸಾಗರ, ಹೊಳಲ್ಕೆರೆಗಳಲ್ಲಿ ಸಸಿಮಡಿಗಳಿಗೆ ಬೀಜ ಬಿದ್ದಿದೆ. ನನ್ನ ಹೆಸರನ್ನು ಒಂಬತ್ತನೆಯ ಪುಟಕ್ಕೆ ಹಾಕಿ ಎಂದು ನಾನಿನ್ನು ಕೇಳುವುದಿಲ್ಲ. ಹದಿಮೂರನೆಯ ಪುಟಕ್ಕೆ ಒಂದು ಅಂಗೈಯಗಲದ ಚೀಟಿ ಅಂಟಿಸಿ, ‘ಈ ಅಂಕಿ ತಪ್ಪು, ತಪ್ಪು ಮಾಡಿದವನು ಮಾಲಿ ತಿಪ್ಪೇಸ್ವಾಮಿ’ ಎಂದು ಬರೆಯಲು, ಡಿಸೆಂಬರಿನ ಮೂರನೆಯ ವಾರ ಬರುವುದರೊಳಗೆ ಅಷ್ಟನ್ನು ಮಾಡಲು, ನಿಮ್ಮ ಕೈ ತಡೆಯುತ್ತಿರುವುದು ಯಾವುದು?